ಯೋಧನ ಹೆಸರು, ಕೂಸಿನ ಹೆಸರು

ಬಾರ್ಸಿಲೋನಾ ತಂಡಕ್ಕೆ ಗೋಲ್‌ಕೀಪರ್ ಆಗಿ ಆಡಿದ ಶ್ಚೆನ್ಸ್ನಿಯವರನ್ನು ಫುಟ್‌ಬಾಲ್ ನೋಡುವ ಕನ್ನಡಿಗರು ಬಲ್ಲರು. ಅವರ ಮೊದಲ ಹೆಸರು ವೋಯ್ಚೆಖ್. ರೋಮನ್ ಲಿಪಿಯಲ್ಲಿ ಎಂಟು ಅಕ್ಷರ. ಇಂಗ್ಲಿಷ್ ಓದಿ ಪಳಗಿದ ಕಣ್ಣು ಅದನ್ನು ‘ವೋಜ್‌ಸಿಯೆಕ್’ ಎಂದುಕೊಳ್ಳುತ್ತದೆ. ಪೋಲಿಷ್ ನಾಲಗೆಗೆ ಅದು ಎರಡೇ ತುಂಡು: ವೋಯ್, ಚೆಖ್. ಕೊನೆಯ ಖ್ ಮಾತ್ರ ನಮ್ಮ ‘ಸುಖ’ದ ಖ ಅಲ್ಲ, ಉರ್ದು ಮಾತಾಡುವವರು ‘ಖಬರ್’ ಎನ್ನುವಾಗ ಗಂಟಲನ್ನು ಉಜ್ಜಿಕೊಂಡು ಬರುತ್ತದಲ್ಲ, ಆ ಖ.

ಆ ಎರಡು ತುಂಡಿಗೂ ಬೇರೆ ಬೇರೆ ಅರ್ಥವಿದೆ. ಹಳೆಯ ಪೋಲಿಷ್‌ನಲ್ಲಿ ವೋಯ್ ಎಂದರೆ ಯೋಧ. ಯುದ್ಧಕ್ಕೆ ಇಂದಿಗೂ ವೋಯ್ನಾ, ಸೈನ್ಯಕ್ಕೆ ವೋಯ್ಸ್ಕೊ. ದಂಡನಾಯಕ ವೋಯೆವೋದಾ, ಅವನು ಆಳುತ್ತಿದ್ದ ಸೀಮೆಗಿದ್ದ ಹೆಸರೇ ಇಂದಿನ ಪೋಲೆಂಡಿನ 16 ಪ್ರಾಂತಗಳಿಗೂ ಉಳಿದುಬಂದಿದೆ. ಎರಡನೆಯ ತುಂಡು ಹಿಗ್ಗಿಗೆ ಸೇರಿದ್ದು. ಚೆಶಿಚ್ ಎಂದರೆ ಸಂತೋಷಪಡಿಸುವುದು. ಅದೇ ಬೇರಿನ ಪೊಚೆಖಾ ಎಂದರೆ ಸಮಾಧಾನ, ಸಂಕಟದಲ್ಲಿ ಸಿಗುವ ನೆಮ್ಮದಿ. ಪೋಲಿಷ್ ತಂದೆತಾಯಿ ಅಕ್ಕರೆಯಿಂದ ತಮ್ಮ ಮಗುವನ್ನೂ ‘ನಮ್ಮ ಪೊಚೆಖಾ’ ಎನ್ನುವುದುಂಟು.

ಎರಡನ್ನೂ ಸೇರಿಸಿದರೆ ‘ಯುದ್ಧದಲ್ಲಿ ಹಿಗ್ಗುವವನು’ ಎಂದಾಗುತ್ತದೆ. ‘ಯೋಧರಿಗೆ ಹಿಗ್ಗು ತರುವವನು’ ಎಂದೂ ಬಿಡಿಸಬಹುದು. ಹೆಸರಿನ ಪುಸ್ತಕಗಳು ಎರಡನ್ನೂ ಕೊಟ್ಟು ಸುಮ್ಮನಾಗುತ್ತವೆ. ನನಗೆ ಹಾಗೆ ಸುಮ್ಮನಾಗಲು ಮನಸ್ಸಿಲ್ಲ. ಈ ಹೆಸರು ಸಾವಿರ ವರ್ಷ ಯಾರ ಯಾರ ಮೇಲೆ ಕೂತು ಬಂದಿದೆ ಎಂದು ನೋಡುತ್ತಾ ಹೋದರೆ, ಎರಡನೆಯ ಅರ್ಥದ ಕಡೆಗೇ ತಕ್ಕಡಿ ವಾಲುತ್ತದೆ.

ಹೀಗೆ ಎರಡು ಪದ ಬೆಸೆದು ಹೆಸರಿಡುವುದು ಸ್ಲಾವ್ ಜನರ ಹಳೆಯ ಪದ್ಧತಿ. ಬೊಲೆಸ್ವಾವ್, ಸ್ತಾನಿಸ್ವಾವ್, ಕಾಜಿಮಿಯೆಶ್ ಎಲ್ಲವೂ ಅದೇ ಅಚ್ಚಿನವು. ಕ್ರಿ.ಶ. 966ರಲ್ಲಿ ಪೋಲೆಂಡಿನ ಅರಸ ಮಿಯೆಶ್ಕೊ ಕ್ರೈಸ್ತ ದೀಕ್ಷೆ ಪಡೆದ ಮೇಲೆ ಯಾನ್, ಪಿಯೋತ್ರ್, ಯಾಕುಬ್ ಮೊದಲಾದ ಬೈಬಲಿನ ಹೆಸರುಗಳು ಒಂದೊಂದಾಗಿ ಒಳಬಂದವು. ಹದಿನಾರನೆಯ ಶತಮಾನದಲ್ಲಿ ಟ್ರೆಂಟ್ ಧರ್ಮಸಭೆಯ ನಂತರ ಮಗುವಿಗೆ ಸಂತರ ಹೆಸರನ್ನೇ ಇಡಬೇಕೆಂಬ ಒತ್ತಾಯ ಬಿಗಿಯಾಯಿತು. ಹಳೆಯ ಸ್ಲಾವ್ ಹೆಸರುಗಳಲ್ಲಿ ನೂರಾರು ಆಗ ಬಳಕೆ ತಪ್ಪಿದವು. ಆ ಹೆಸರಿನ ಸಂತನೊಬ್ಬ ಇದ್ದರೆ ಹೆಸರು ಬದುಕಿತು, ಇಲ್ಲದಿದ್ದರೆ ಇಲ್ಲ. ವೋಯ್ಚೆಖ್‌ಗೆ ಸಂತನಿದ್ದ.

ಆ ಸಂತ ಹುಟ್ಟಿನಿಂದ ಪೋಲಿಷನಲ್ಲ, ಬೊಹೀಮಿಯದವನು. ಲಿಬಿತ್ಸೆಯ ಸ್ಲಾವ್ನಿಕ್ ಮನೆತನದ ಮಗ. ಚೆಕ್ ಭಾಷೆಯಲ್ಲಿ ಅವನು ವೊಯ್ತ್ಯೆಖ್. ಮಗನನ್ನು ಕತ್ತಿ ಹಿಡಿಸಲು ಬೆಳೆಸಬೇಕೆಂದು ತಂದೆಗೆ ಆಸೆಯಿತ್ತು. ಕೂಸು ಕಾಯಿಲೆ ಬಿದ್ದಿತು. ಹೆತ್ತವರು ಅದನ್ನು ಮೇರಿಯಮ್ಮನ ಬಲಿಪೀಠದ ಮೇಲಿಟ್ಟು, ಬದುಕಿದರೆ ದೇವರ ಸೇವೆಗೆ ಬಿಡುತ್ತೇವೆಂದು ಹರಕೆ ಹೊತ್ತರು ಎನ್ನುತ್ತವೆ ಅವನ ಹಳೆಯ ಚರಿತ್ರೆಗಳು. ಮಾಗ್ಡೆಬರ್ಗ್‌ನಲ್ಲಿ ಓದುವಾಗ ಅಲ್ಲಿನ ಆರ್ಚ್‌ಬಿಷಪ್‌ನ ಹೆಸರನ್ನೇ ತನ್ನದಾಗಿಸಿಕೊಂಡು ಅಡಾಲ್ಬರ್ಟ್ ಆದ. ಪ್ರಾಗ್‌ನ ಬಿಷಪ್ ಆಗಿ ಊರಿನವರೊಡನೆ ಹೊಂದದೆ ಎರಡು ಸಲ ಪೀಠ ಬಿಟ್ಟ. 995ರಲ್ಲಿ ವೈರಿ ಮನೆತನದವರು ಲಿಬಿತ್ಸೆಗೆ ನುಗ್ಗಿ ಅವನ ಅಣ್ಣತಮ್ಮಂದಿರನ್ನು ಕೊಂದರು. ಕೊನೆಗೆ ಅವನು ಪೋಲೆಂಡಿನ ಬೊಲೆಸ್ವಾವನ ಆಸರೆಯಲ್ಲಿ, ಬಾಲ್ಟಿಕ್ ಕರಾವಳಿಯ ಪ್ರಷ್ಯನ್ನರಿಗೆ ಧರ್ಮ ಬೋಧಿಸಲು ಹೊರಟ. ಅರಸ ಒಂದು ದೋಣಿಯನ್ನೂ ಕಾವಲಿಗೆ 30 ಮಂದಿ ಸೈನಿಕರನ್ನೂ ಕೊಟ್ಟ. ಆ ದೋಣಿ ಹಾದುಹೋದ ಊರೆಂದೇ ಗ್ದಾನ್ಸ್ಕ್ ನಗರದ ಹೆಸರು ಮೊದಲ ಬಾರಿಗೆ ಲಿಖಿತ ದಾಖಲೆಯಲ್ಲಿ ಬಂತು. ದಡ ಮುಟ್ಟಿದ ಮೇಲೆ ವೋಯ್ಚೆಖ್ ಸೈನಿಕರನ್ನು ಹಿಂದಕ್ಕೆ ಕಳಿಸಿ, ಇಬ್ಬರು ಜೊತೆಗಾರರೊಡನೆ ಬರಿಗೈಯಲ್ಲಿ ಮುಂದೆ ನಡೆದ. 997ರ ಏಪ್ರಿಲ್ 23ರಂದು ಅವನನ್ನು ಕೊಂದರು.

ಹೆಸರಿನ ತುಂಬ ಯುದ್ಧ ಇಟ್ಟುಕೊಂಡವನು ತನ್ನ ಕಾವಲಿನ ಸೈನಿಕರನ್ನೇ ಮನೆಗೆ ಕಳಿಸಿದ ಆ ಗಳಿಗೆ ನನ್ನನ್ನು ಬಿಡದೆ ಕಾಡುತ್ತದೆ. ಈ ಹೆಸರು ಉಳಿದದ್ದು ಅದರಿಂದಲೇ.

ಬೊಲೆಸ್ವಾವ್ ಶವದ ತೂಕಕ್ಕೆ ಸಮನಾದ ಚಿನ್ನ ಕೊಟ್ಟು ದೇಹವನ್ನು ಬಿಡಿಸಿಕೊಂಡನೆಂದು ಐತಿಹ್ಯ. ಅದನ್ನು ಗ್ನಿಯೆಜ್ನೊ ಊರಿನಲ್ಲಿ ಸಮಾಧಿ ಮಾಡಿದರು. ಕ್ರಿ.ಶ. 1000ದಲ್ಲಿ ಚಕ್ರವರ್ತಿ ಮೂರನೆಯ ಓಟ್ಟೊ ಆ ಸಮಾಧಿಯ ದರ್ಶನಕ್ಕೆ ಬಂದ. ಪೋಲೆಂಡಿಗೆ ತನ್ನದೇ ಆದ ಆರ್ಚ್‌ಬಿಷಪ್ ಪೀಠ ದೊರೆಯಿತು. ಅಲ್ಲಿನ ಕೆಥೆಡ್ರಲ್‌ಗೆ ಹನ್ನೆರಡನೆಯ ಶತಮಾನದಲ್ಲಿ ಕೂರಿಸಿದ ಕಂಚಿನ ಬಾಗಿಲಿನಲ್ಲಿ ಇಡೀ ಕಥೆ 18 ಫಲಕಗಳಲ್ಲಿದೆ. ಎಡಗದದ ಬುಡದಿಂದ ಓದುತ್ತಾ ಮೇಲೇರಬೇಕು, ಆಮೇಲೆ ಬಲಗದದ ತುದಿಯಿಂದ ಕೆಳಗಿಳಿಯಬೇಕು. ಎಡಬುಡದಲ್ಲಿ ಬಾಣಂತಿ, ನೀರು ಹಾಕಿಸಿಕೊಳ್ಳುತ್ತಿರುವ ಹಸುಗೂಸು, ಬಲಬುಡದಲ್ಲಿ ಸಮಾಧಿ. ಒಂದು ಬದುಕಿನ ಏರು ಮತ್ತು ಇಳಿತವನ್ನು ಬಾಗಿಲಿನ ಎರಡು ಕದಗಳೇ ಹಂಚಿಕೊಂಡಿವೆ. ಆ ಶಿಲ್ಪಿ ಯಾರೋ, ಅವನಿಗೆ ಕಥೆ ಹೇಳುವ ಕಲೆ ಗೊತ್ತಿತ್ತು.

ಸಂತನಿಂದ ಹೆಸರು ಹಳ್ಳಿಗಿಳಿಯಿತು. ಚರ್ಚಿನ ಲ್ಯಾಟಿನ್ ದಫ್ತರದಲ್ಲಿ ಪಾದ್ರಿ ಆಡಾಲ್ಬೆರ್ಟುಸ್ ಎಂದೋ ಆಲ್ಬೆರ್ಟುಸ್ ಎಂದೋ ಬರೆದುಕೊಳ್ಳುತ್ತಿದ್ದ, ಹೊಲದಲ್ಲಿ ಅದೇ ಮನುಷ್ಯ ವೋಯ್ತೆಕ್, ಅಂದರೆ ವೋಯ್ಚೆಖ್‌ನ ಮುದ್ದಿನ ರೂಪ. ಪೋಲಿಷ್ ವಂಶಾವಳಿ ಹುಡುಕುವವರು ಇವತ್ತಿಗೂ ಇಲ್ಲಿ ಎಡವುತ್ತಾರೆ. ಕಾಗದದ ಆಲ್ಬರ್ಟ್ ಮತ್ತು ಮನೆಯವರು ಹೇಳುವ ವೋಯ್ಚೆಖ್ ಒಬ್ಬನೇ ಎಂದು ತಿಳಿಯುವವರೆಗೆ ಅಜ್ಜನೊಬ್ಬ ಕಳೆದೇ ಹೋಗಿರುತ್ತಾನೆ. 1794ರಲ್ಲಿ ರಷ್ಯನ್ನರ ವಿರುದ್ಧ ಸೇನಾನಿ ಕೊಶ್ಚ್ಯುಶ್ಕೊ ದಂಗೆ ಎದ್ದಾಗ, ರತ್ಸ್ವಾವಿತ್ಸೆ ಕಾಳಗದಲ್ಲಿ ಕುಡುಗೋಲು ಹಿಡಿದ ರೈತನೊಬ್ಬ ತೋಪಿನ ಉರಿಯುವ ಬತ್ತಿಯ ಮೇಲೆ ತನ್ನ ಟೋಪಿ ಒತ್ತಿ ನಂದಿಸಿದ ಕಥೆಯನ್ನು ಪೋಲಿಷ್ ಮಕ್ಕಳೆಲ್ಲ ಕೇಳಿ ಬೆಳೆಯುತ್ತಾರೆ. ಅವನು ವೋಯ್ಚೆಖ್ ಬಾರ್ತೋಸ್.

ಗಡಿ ದಾಟಿ ಜರ್ಮನಿಗೆ ಹೋದಾಗ ಹೆಸರು ಅಡ್ಡಹೆಸರಾಗಿ ಬೇರೂರಿತು. ಗಿಯೋರ್ಗ್ ಬ್ಯೂಖ್ನರ್ 1837ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ತೀರಿಕೊಂಡಾಗ ಮುಗಿಸದೆ ಬಿಟ್ಟ ನಾಟಕ ‘ವೋಯ್ಟ್‌ಸೆಕ್’. ಅದೂ ನಮ್ಮ ವೋಯ್ಚೆಖ್‌ನ ರೂಪವೇ. ಲೈಪ್‌ಜಿಗ್‌ನ ಸಂತೆ ಚೌಕದಲ್ಲಿ 1824ರಲ್ಲಿ ತಲೆ ಕಡಿಸಿಕೊಂಡ ನಿಜವಾದ ಸಿಪಾಯಿಯೊಬ್ಬ ಅದರ ಹಿಂದಿದ್ದ. ನಾಟಕದಲ್ಲಿ ಅವನು ಕ್ಯಾಪ್ಟನ್‌ನ ಗಡ್ಡ ಹೆರೆಯುತ್ತಾನೆ. ಡಾಕ್ಟರನೊಬ್ಬನ ಪ್ರಯೋಗಕ್ಕೆ ಬಟಾಣಿ ಮಾತ್ರ ತಿಂದು ಬದುಕುತ್ತಾನೆ. ಕೊನೆಗೆ ಬುದ್ಧಿ ಕದಡಿ ತನ್ನ ಹೆಣ್ಣನ್ನೇ ಕೊಲ್ಲುತ್ತಾನೆ. ಆಧುನಿಕ ನಾಟಕದ ಮೊದಲ ಬಡವ ನಾಯಕರಲ್ಲಿ ಅವನೊಬ್ಬ. ಕೈಬರಹ ಓದಿದವರ ಕಣ್ತಪ್ಪಿನಿಂದ ಆ ಹೆಸರು ‘ವೊಟ್ಸೆಕ್’ ಎಂದು ಅಚ್ಚಾಗಿ, ಆಲ್ಬಾನ್ ಬೆರ್ಗ್‌ರ 1925ರ ಅಪೆರಾದ ಹೆಸರಾಗಿ ಹಾಗೇ ನಿಂತಿದೆ.

ಇನ್ನು ಇದೇ ಹೆಸರು ಹೊತ್ತ ಕರಡಿಯೊಂದರ ಕಥೆ. 1942ರಲ್ಲಿ ಸೋವಿಯತ್ ಶಿಬಿರಗಳಿಂದ ಬಿಡುಗಡೆಯಾದ ಪೋಲಿಷ್ ಸೈನಿಕರು, ಹೆಂಗಸರು, ಮಕ್ಕಳು ಇರಾನಿಗೆ ಬಂದರು. ಅಲ್ಲಿನ ಹಮದಾನ್ ಬಳಿ ತಾಯಿ ಸತ್ತ ಮರಿಯೊಂದು ಅವರ ಕೈ ಸೇರಿತು. ಮಂದಗಟ್ಟಿಸಿದ ಹಾಲನ್ನು ಬಾಟಲಿಯಲ್ಲಿ ಕುಡಿಸಿ ಸಾಕಿದರು. ವೋಯ್ತೆಕ್ ಎಂದು ಕರೆದರು. ಅದು ಸೈನಿಕರೊಡನೆ ಕುಸ್ತಿಯಾಡಿತು, ಬಿಯರ್ ಕುಡಿಯಿತು. ಇಟಲಿಗೆ ಹೋಗುವ ಹಡಗಿಗೆ ಸಾಕುಪ್ರಾಣಿಗಳನ್ನು ಹತ್ತಿಸುವಂತಿರಲಿಲ್ಲ. ಹಾಗಾಗಿ ವೋಯ್ತೆಕ್‌ನ ಹೆಸರನ್ನು ಸಿಪಾಯಿಗಳ ಪಟ್ಟಿಗೇ ಸೇರಿಸಿದರು. 1944ರಲ್ಲಿ ಮೊಂತೆ ಕಸ್ಸೀನೊದಲ್ಲಿ ಅದು ಮದ್ದುಗುಂಡಿನ ಪೆಟ್ಟಿಗೆ ಹೊತ್ತಿತೆಂದು ಜೊತೆಗಿದ್ದವರು ಹೇಳಿದರು. ತೋಪಿನ ಗುಂಡು ಹೊತ್ತ ಕರಡಿಯ ಚಿತ್ರ ಅವರ ಕಂಪನಿಯ ಲಾಂಛನವಾಯಿತು. ಯುದ್ಧ ಮುಗಿದ ಮೇಲೆ ಅದನ್ನು ಎಡಿನ್‌ಬರೋ ಮೃಗಾಲಯಕ್ಕೆ ಬಿಟ್ಟರು. 1963ರಲ್ಲಿ ಅದು ಸಾಯುವವರೆಗೂ ಹಳೆಯ ಸೈನಿಕರು ಹೋಗಿ ಪೋಲಿಷ್‌ನಲ್ಲಿ ಮಾತಾಡಿಸಿ ಬರುತ್ತಿದ್ದರು. ಮನೆ ಸುಟ್ಟು, ದೇಶ ಬಿಟ್ಟು, ಹಿಂದಿರುಗಲು ದಾರಿಯಿಲ್ಲದವರಿಗೆ ಆ ಕರಡಿ ಎಷ್ಟು ಹಿಗ್ಗು ಕೊಟ್ಟಿತೋ! ‘ಯೋಧರಿಗೆ ಹಿಗ್ಗು ತರುವವನು’ ಎಂಬ ಅರ್ಥ ಇಷ್ಟು ಅಕ್ಷರಶಃ ಮತ್ತೆಲ್ಲೂ ಫಲಿಸಿಲ್ಲ. ಹಾಗೆ ಇರಾನಿಗೆ ಬಂದ ನಿರಾಶ್ರಿತರಲ್ಲಿ ಸಾವಿರಾರು ಮಂದಿ ಭಾರತಕ್ಕೂ ಬಂದರು. ಜಾಮ್‌ನಗರದ ಬಾಲಾಚಡಿಯಲ್ಲಿ ಮಕ್ಕಳಿದ್ದರು. ಬೆಳಗಾವಿಗೆ ಹತ್ತಿರದ ಕೊಲ್ಲಾಪುರದ ವಳಿವಡೆಯಲ್ಲಿ ಸುಮಾರು 5,000 ಜನರ ಶಿಬಿರವಿತ್ತು. ಆ ಅಂಗಳದಲ್ಲೂ ಯಾರಾದರೊಬ್ಬ ತಾಯಿ ಸಂಜೆ ‘ವೋಯ್ತೆಕ್’ ಎಂದು ಕೂಗಿರಲೇಬೇಕು.

ಹೆಸರಿನ ಮೊದಲ ತುಂಡು ಒಮ್ಮೆ ಮಾತ್ರ ಕಟುವಾಗಿ ಕೇಳಿಸಿದ್ದುಂಟು. 1981ರ ಡಿಸೆಂಬರ್ 13, ಭಾನುವಾರ. ಬೆಳಿಗ್ಗೆ ಮಕ್ಕಳ ಕಾರ್ಯಕ್ರಮಕ್ಕೆಂದು ಟಿ.ವಿ. ಹಚ್ಚಿದ ಮನೆಗಳಲ್ಲಿ ಆಗ ಪೋಲೆಂಡನ್ನು ಆಳುತ್ತಿದ್ದ ಜನರಲ್ ವೋಯ್ಚೆಖ್ ಯಾರುಜೆಲ್ಸ್ಕಿ ಮಿಲಿಟರಿ ಸಮವಸ್ತ್ರದಲ್ಲಿ ಕಾಣಿಸಿಕೊಂಡರು. ಅವರು ಅಂದು ಘೋಷಿಸಿದ ಸೈನಿಕ ಆಡಳಿತಕ್ಕೆ ಪೋಲಿಷ್ ಮಾತು ‘ಸ್ತಾನ್ ವೋಯೆನ್ನಿ’, ಅಂದರೆ ಯುದ್ಧಸ್ಥಿತಿ. ಆಳುವವನ ಹೆಸರು, ಅವನ ಆಜ್ಞೆಯ ಹೆಸರು, ಎರಡಕ್ಕೂ ಒಂದೇ ಬೇರು. ಆದರೂ ಅವರಿಂದಾಗಿ ಹೆಸರಿಗೆ ಕಳಂಕ ಮೆತ್ತಲಿಲ್ಲ. ಚಲನಚಿತ್ರಗಳಿಗೆ ಸಂಗೀತ ಕೊಟ್ಟ ವೋಯ್ಚೆಖ್ ಕಿಲಾರ್ ಇದ್ದರು, ಬೀದಿಬೀದಿಗೂ ಒಬ್ಬ ವೋಯ್ತೆಕ್ ಇದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಅದೇ ಹೆಸರಿನ ಇನ್ನೊಂದು ಮುದ್ದಿನ ರೂಪ ಹೊತ್ತ ಜೋಗುಳದ ವೋಯ್ತುಶ್ ಇದ್ದ. ಯಾನಿನಾ ಪೊರಾಜಿನ್ಸ್ಕಾ ಬರೆದ ಆ ಜೋಗುಳದಲ್ಲಿ ಒಲೆಯ ಬೂದಿಯೊಳಗಿನ ಕಿಡಿಯೊಂದು ಕಣ್ಣು ಮಿಟುಕಿಸಿ ಪುಟ್ಟ ವೋಯ್ತುಶ್‌ನನ್ನು ಕಥೆ ಕೇಳಲು ಕರೆಯುತ್ತದೆ. ಪೋಲೆಂಡಿನಲ್ಲಿ ಅದನ್ನು ಕೇಳದೆ ಮಲಗಿದ ಮಗು ವಿರಳ. ತೊಟ್ಟಿಲಲ್ಲಿರುವುದು ಯಾವ ಹೆಸರಿನ ಮಗುವಾದರೂ ಹಾಡಿನಲ್ಲಿ ಅದು ವೋಯ್ತುಶ್.

ಈಗಿನ ತಂದೆತಾಯಿಗೆ ಆಂತೋನಿ, ಯಾನ್, ನಿಕೊದೆಮ್ ಹೆಚ್ಚು ಇಷ್ಟ. ವೋಯ್ಚೆಖ್ ಈಗ ಮೊದಲ ಹತ್ತರ ಪಟ್ಟಿಯಲ್ಲಿಲ್ಲ, ಹಾಗೆಂದು ಮರೆಗೂ ಸರಿದಿಲ್ಲ. ಅಪ್ಪಂದಿರ, ಚಿಕ್ಕಪ್ಪಂದಿರ ತಲೆಮಾರಿನಲ್ಲಂತೂ ಧಾರಾಳ. ಹಳಬರಿಗೆ ಹುಟ್ಟುಹಬ್ಬಕ್ಕಿಂತ ಹೆಸರುಹಬ್ಬ ದೊಡ್ಡದು. ಕ್ಯಾಲೆಂಡರಿನಲ್ಲೇ ಹೆಸರು ಅಚ್ಚಾಗಿರುವುದರಿಂದ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ, ನೆಂಟರು ತಾವಾಗಿ ಬರುತ್ತಾರೆ. ವೋಯ್ಚೆಖ್‌ನ ದಿನ ಅವನು ಸತ್ತ ಏಪ್ರಿಲ್ 23. ಅದೇ ದಿನ ಜಗತ್ತಿನ ಬಹುಪಾಲು ಕಡೆ ಸಂತ ಜಾರ್ಜ್‌ನ ಹಬ್ಬ. ಕುದುರೆಯೇರಿ ಈಟಿಯಿಂದ ಘಟಸರ್ಪವನ್ನು ತಿವಿಯುವ, ಸೈನಿಕರ ಸಂತ ಅವನು. ಪೋಲೆಂಡಿನ ಚರ್ಚು ಆ ಜಾಗವನ್ನು ಬರಿಗೈಯ ವೋಯ್ಚೆಖ್‌ಗೆ ಕೊಟ್ಟು, ಜಾರ್ಜ್‌ನ ಹಬ್ಬವನ್ನು 24ಕ್ಕೆ ಸರಿಸಿದೆ.