೧೯೭೩ರ ತೈಲ ಬಿಕ್ಕಟ್ಟು ಮತ್ತು ಇಂಧನದ ಮಿತವ್ಯಯ

೧೯೭೩ರ ಅಕ್ಟೋಬರ್ ೬ರಂದು ಪಶ್ಚಿಮ ಏಷ್ಯದಲ್ಲಿ ಯುದ್ಧ ಆರಂಭವಾಯಿತು. ಅರಬ್ ರಾಷ್ಟ್ರಗಳು ತೈಲದ ಉತ್ಪಾದನೆಯನ್ನು ತಗ್ಗಿಸಿ, ಕೆಲವು ದೇಶಗಳಿಗೆ ಸರಬರಾಜನ್ನೇ ನಿಲ್ಲಿಸಿದವು. ಪೀಪಾಯಿಗೆ ಸುಮಾರು ೩ ಡಾಲರ್ ಇದ್ದ ಕಚ್ಚಾ ತೈಲದ ಘೋಷಿತ ಬೆಲೆಯು ೧೯೭೪ರ ಜನವರಿ ೧ರಿಂದ ೧೧.೬೫ ಡಾಲರಾಯಿತು. ಈ ಘಟನೆಯ ರಾಜಕೀಯವನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಇಲ್ಲಿ ವಿಚಾರಿಸಬೇಕೆಂದಿರುವುದು ಅದಕ್ಕಿಂತ ಕಿರಿದಾದ ಪ್ರಶ್ನೆ: ಮನೆಯಲ್ಲಿಯೂ ರಸ್ತೆಯಲ್ಲಿಯೂ ಇಂಧನವನ್ನು ಉಳಿಸಿರೆಂದು ಸರ್ಕಾರಗಳು ಕರೆಯಿತ್ತಾಗ ಯಾರ ಉಳಿತಾಯವು ಲೆಕ್ಕಕ್ಕೆ ಬಂದಿತು?

ಪಾಶ್ಚಾತ್ಯ ದೇಶಗಳು ಮೊದಲು ಹಿಡಿದ ಮಾರ್ಗ ನಿಷೇಧದ್ದು. ನೆದರ್ಲೆಂಡ್ಸಿನಲ್ಲಿ ನವೆಂಬರ್ ೪ರಿಂದ ಭಾನುವಾರಗಳಂದು ಮೋಟಾರು ಸಂಚಾರ ನಿಂತಿತು. ಹೆದ್ದಾರಿಗಳ ಮೇಲೆ ಜನರು ಸೈಕಲ್ಲು ತುಳಿದರು. ಪಶ್ಚಿಮ ಜರ್ಮನಿಯು ನಾಲ್ಕು ಭಾನುವಾರ ಇದೇ ಕ್ರಮವನ್ನು ಅನುಸರಿಸಿತು. ಕಲ್ಲಿದ್ದಲು ಗಣಿಗಾರರ ಚಳವಳಿಯೂ ಕೂಡಿಕೊಂಡಿದ್ದ ಬ್ರಿಟನ್ನಿನಲ್ಲಿ ೧೯೭೪ರ ಆರಂಭದಲ್ಲಿ ಕೈಗಾರಿಕೆಗಳಿಗೆ ವಾರಕ್ಕೆ ಮೂರೇ ದಿನದ ವಿದ್ಯುತ್ತು ದೊರೆಯುತ್ತಿತ್ತು. ಕತ್ತಲಲ್ಲಿಯೇ ಹಲ್ಲುಜ್ಜಬಹುದೆಂದು ಅಲ್ಲಿನ ಮಂತ್ರಿ ಪ್ಯಾಟ್ರಿಕ್ ಜೆಂಕಿನ್ ಸಲಹೆಯಿತ್ತು ನಗೆಗೀಡಾದರು. ಇಂತಹ ಕ್ರಮಗಳು ಭಯವಿದ್ದಷ್ಟು ದಿನ ಮಾತ್ರ ಬಾಳಿದವು. ಅಮೆರಿಕದಲ್ಲಿ ಗಂಟೆಗೆ ೫೫ ಮೈಲಿಗಳ ವೇಗಮಿತಿ ೧೯೯೫ರವರೆಗೆ ಒಂದಿಲ್ಲೊಂದು ರೂಪದಲ್ಲಿ ಉಳಿಯಿತೆಂಬುದು ನಿಜ; ಆದರೆ ಅದನ್ನು ಉಳಿಸಿದ ವಾದ ಮುಖ್ಯವಾಗಿ ಪೆಟ್ರೋಲಿನದಲ್ಲ, ಪ್ರಾಣದ್ದು. ೧೯೭೩ರಲ್ಲಿ ಸುಮಾರು ೫೪ ಸಾವಿರವಿದ್ದ ರಸ್ತೆ ಮರಣಗಳು ಮರುವರ್ಷ ಸುಮಾರು ೪೫ ಸಾವಿರಕ್ಕೆ ಇಳಿದಿದ್ದವು. ಪೆಟ್ರೋಲನ್ನು ನಿಜವಾಗಿ ಉಳಿಸಿದುದು ೧೯೭೫ರ ಶಾಸನ. ೧೯೮೫ರ ವೇಳೆಗೆ ಹೊಸ ಕಾರುಗಳು ಒಂದು ಗ್ಯಾಲನ್ನಿಗೆ ಸರಾಸರಿ ೨೭.೫ ಮೈಲಿ ಓಡಬೇಕೆಂದು, ಅಂದರೆ ಹಿಂದಿನದರ ಸುಮಾರು ಎರಡರಷ್ಟು ಓಡಬೇಕೆಂದು, ಅದು ವಿಧಿಸಿತು. ಸವಾರನ ಸಂಯಮವನ್ನು ನೆಚ್ಚದೆ ಯಂತ್ರವನ್ನೇ ತಿದ್ದಿದ ಮಾರ್ಗವಿದು.

ಭಾರತದಲ್ಲಿ, ಪೆಟ್ರೋಲ್ ಬೆಲೆಯೇರಿಕೆಯನ್ನು ಪ್ರತಿಭಟಿಸಲು ೧೯೭೩ರ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ದಿಲ್ಲಿಗೆ ಅದು ಸಂಕೇತ. ಹಳ್ಳಿಗರಿಗೆ ದಿನದ ವಾಹನ. ಬಿಕ್ಕಟ್ಟಿನ ಅನಂತರ ೧೯೭೮ರಲ್ಲಿ ಪೆಟ್ರೋಲಿಯಂ ಸಂರಕ್ಷಣೆಗೆಂದೇ ಸಂಘವೊಂದು ಸ್ಥಾಪಿತವಾಯಿತು. ಸೀಮೆಎಣ್ಣೆಯನ್ನು ಮಿತವಾಗಿ ಉರಿಸುವ ‘ನೂತನ್’ ಬತ್ತಿ ಸ್ಟವ್ ಬಂದಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವು ಎಣಿಸಿದುದು ಬೆಲೆ ಕೊಟ್ಟು ಕೊಳ್ಳುವ ಇಂಧನವನ್ನು. ಗ್ರಾಮೀಣ ಭಾರತದ ಮುಖ್ಯ ಇಂಧನ ಸೌದೆ. ಅದರ ಬಹುಭಾಗಕ್ಕೆ ಬೆಲೆಯೇ ಇರಲಿಲ್ಲ.

ಈ ಲೋಪವನ್ನು ತೋರಿಸಿದ ಕೆಲಸ ನಮ್ಮ ನಾಡಿನಲ್ಲಿಯೇ ನಡೆಯಿತೆಂಬುದು ಗಮನಾರ್ಹ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಅದರ ಸಂಶೋಧಕರು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಯ ಇಂಧನವನ್ನೂ ದುಡಿಮೆಯ ವೇಳೆಯನ್ನೂ ಅಳೆದರು. ಬಳಕೆಯ ಸಿಂಹಪಾಲು ಸೌದೆಯದೆಂದೂ, ಸೌದೆಯ ಬಹುಪಾಲು ಅಡಿಗೆಗೆ ಉರಿಯುವುದೆಂದೂ, ಕೊಂಡದ್ದಕ್ಕಿಂತ ಆರಿಸಿ ತಂದದ್ದೇ ಹೆಚ್ಚೆಂದೂ ಕಂಡುಬಂದಿತು. ಬೆಲೆಯಿಲ್ಲದ ಆ ಇಂಧನಕ್ಕೆ ತೆತ್ತುದು ಹೆಂಗಸರ, ಮಕ್ಕಳ ಹೊತ್ತು.

ಸಾಮಾನ್ಯ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ತಲುಪುತ್ತದೆ. ಉಳಿದುದು ಗಾಳಿಗೆ, ಗೋಡೆಗೆ. ಅಸ್ತ್ರ ಒಲೆಯಲ್ಲಿ ಬೆಂಕಿಯ ಗೂಡನ್ನು ಮುಚ್ಚಿ, ಕೆಳಗಿನಿಂದ ಗಾಳಿ ನುಗ್ಗುವಂತೆ ಜಾಲರಿಯಿಟ್ಟು, ಬಿಸಿ ಹೊಗೆಯನ್ನು ಮೂರು ಪಾತ್ರೆಗಳ ಅಡಿಯಲ್ಲಿ ಸಾಗಿಸಿ ಕೊಳವೆಯ ಮೂಲಕ ಹೊರಕ್ಕೆ ಬಿಡುತ್ತಾರೆ. ಸೌದೆ ಉಳಿಯುವುದರ ಜೊತೆಗೆ ಅಡಿಗೆಮನೆಯ ಹೊಗೆಯೂ ಹೋಗುತ್ತದೆ. ಒಲೆಯ ಮುಂದೆ ಕುಳಿತವರಿಗೆ ಈ ಎರಡನೆಯದೇ ದೊಡ್ಡ ಲಾಭವಾಗಿದ್ದಿರಬೇಕೆಂದು ನನ್ನ ಅಭಿಪ್ರಾಯ. ಸರ್ಕಾರಿ ಲೆಕ್ಕದಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ.

ಕೇಂದ್ರ ಸರ್ಕಾರ ೧೯೮೩ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿತು. ಎಣಿಸಲ್ಪಟ್ಟುದು ಕಟ್ಟಿದ ಒಲೆಗಳು, ಉರಿಯುತ್ತಿರುವ ಒಲೆಗಳಲ್ಲ. ಅಳತೆ ತಪ್ಪಿ ಕಟ್ಟಿದಲ್ಲಿ ಹೊಗೆ ಹಿಂದಿರುಗಿತು, ಮಸಿ ತುಂಬಿದ ಕೊಳವೆಗಳನ್ನು ತೆಗೆಯುವವರಿರಲಿಲ್ಲ. ಅನೇಕ ಮನೆಗಳು ಹಳೆಯ ಒಲೆಗೇ ಮರಳಿದವು. ೨೦೦೨ರಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಲಾಯಿತು.