ಕೊಡವರ ಮದುವೆಯ ಉಡುಗೆ-ತೊಡುಗೆ

ಕೊಡಗಿನ ಕೊಡವ ವಧೂವರರು ಮಂಗಲದ ದಿನ ಧರಿಸುವ ಸಾಂಪ್ರದಾಯಿಕ ಬಟ್ಟೆ, ಆಭರಣ ಮತ್ತು ಆಯುಧಗಳು. ಪಂಚೆ, ಶಲ್ಯ, ಬಾಸಿಂಗಗಳ ನಾಡಿನಲ್ಲಿ ಕೊಡವ ವರ ಮಾತ್ರ ಯೋಧನ ವೇಷದಲ್ಲೇ ಹಸೆಗೆ ಬರುತ್ತಾನೆ.

ವರನಿಗೆ ಬಿಳಿ ಕುಪ್ಯ. ಇದು ಮೊಣಕಾಲಿನ ಕೆಳಗೆ ಇಳಿಯುವ, ಗಿಡ್ಡ ತೋಳಿನ ನಿಲುವಂಗಿ. ಉಳಿದ ಗಂಡಸರದು ಕಪ್ಪು. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ, ತಲೆಗೆ ಮಂಡೆತುಣಿ. ಅಗಲ ಅಲಗಿನ ಬಾಗಿದ ಒಡಿಕತ್ತಿಯೂ ಈ ಉಡುಪಿನದೇ. ಅದನ್ನು ಬರಿಯ ಅಲಂಕಾರವೆನ್ನಲಾಗದು. ಮದುವೆಯಲ್ಲಿ ನೆಟ್ಟ ಬಾಳೆಕಂಬಗಳನ್ನು ಕಡಿಯುವ ಗೌರವದ ವಿಧಿ ಇಂದಿಗೂ ಅದರಿಂದಲೇ ನಡೆಯುತ್ತದೆ.

ಕುಪ್ಯ ಮೊದಲಿಗೆ ಮದುವೆಗೆಂದೇ ಮೀಸಲಾಗಿದ್ದ ಉಡುಪಲ್ಲ. ಹಾಲೇರಿ ಅರಸರ ಕಾಲದಲ್ಲೂ 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೂ ಅದು ಗಂಡಸರ ವಾಡಿಕೆಯ ಉಡುಗೆಯಾಗಿತ್ತು. 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ದೊರೆತದ್ದರಿಂದ ಕತ್ತಿ, ಕೋವಿಗಳು ಮನೆಯಲ್ಲೇ ಉಳಿದವು. ಶಾಲೆ, ಸೇನೆ, ಸರ್ಕಾರಿ ನೌಕರಿಗಳ ಜೊತೆಗೆ ಅಂಗಿ-ಪ್ಯಾಂಟು ಬಂದಂತೆ ಕುಪ್ಯ ಮದುವೆಗೂ ಪುತ್ತರಿಯಂಥ ಹಬ್ಬಗಳಿಗೂ ಸರಿಯಿತು. ಆ ಹೊತ್ತಿಗೆ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯಲ್ಲಿ (1924) ಕೊಡವರ ಆಚರಣೆ, ಹಾಡುಗಳನ್ನು ಬರಹಕ್ಕಿಳಿಸಿದ್ದು ನಾಡಿನ ಭಾಗ್ಯ.

ಈ ಉಡುಪಿನ ಅರ್ಥ ನಿಜಕ್ಕೂ ತಿಳಿಯುವುದು ನರಿ ಮಂಗಲವೆಂಬ ಆಚರಣೆಯಿಂದ. ಕೊಡವರ ನುಡಿಯಾದ ಕೊಡವ ತಕ್ಕಿನಲ್ಲಿ ನರಿಯೆಂದರೆ ಹುಲಿ. ಹುಲಿ ಕೊಂದ ಬೇಟೆಗಾರನನ್ನು ವರನಂತೆ ಸಿಂಗರಿಸಿ, ಸತ್ತ ಹುಲಿಯ ಪಕ್ಕ ಕೂರಿಸಿ, ಬಂಧುಗಳು ಅಕ್ಕಿ ಹಾಕಿ ಹರಸುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡವರ ಕುರಿತ ತಮ್ಮ 1952ರ ಗ್ರಂಥದಲ್ಲಿ ಮಂಗಲದ ಇಂಥ ಹಲವು ಬಗೆಗಳನ್ನು ಚರ್ಚಿಸಿದ್ದಾರೆ. ಹಾಗಾಗಿ ಬಿಳಿ ಕುಪ್ಯವನ್ನು ಮದುವೆಯ ಬಟ್ಟೆ ಎನ್ನುವುದಕ್ಕಿಂತ ಮಾನ ಪಡೆದವನ ಬಟ್ಟೆ ಎನ್ನುವುದೇ ಸರಿ.

ವಧು ಕೆಂಪು ರೇಷ್ಮೆ ಸೀರೆಯ ನೆರಿಗೆಗಳನ್ನು ಹಿಂದೆ ಸಿಕ್ಕಿಸಿ, ಸೆರಗನ್ನು ಎಡಗೈಯ ಕೆಳಗಿನಿಂದ ತಂದು ಬಲಭುಜದ ಮೇಲೆ ನಿಲ್ಲಿಸುತ್ತಾಳೆ. ತಲೆಗೆ ವಸ್ತ್ರ ಕಟ್ಟುತ್ತಾಳೆ. ಹರಿದು ಹೊರಟ ಕಾವೇರಿಯನ್ನು ತಡೆಯಹೋದ ಹೆಂಗಸರ ನೆರಿಗೆಗಳು ನೀರಿನ ರಭಸಕ್ಕೆ ಹಿಂದೆ ಸರಿದವೆಂಬ ಐತಿಹ್ಯವನ್ನು ಸೀರೆಯುಡುವ ಈ ರೀತಿಗೆ ಕಾರಣವಾಗಿ ಬಲಮುರಿಯಲ್ಲಿ ಹೇಳುತ್ತಾರೆ. ಆಭರಣಗಳಲ್ಲಿ ಅರಗು ತುಂಬಿದ ಟೊಳ್ಳು ಚಿನ್ನದ ಗುಂಡುಗಳ ಜೋಮಾಲೆ, ಅರ್ಧಚಂದ್ರದ ಪದಕದ ಕೊಕ್ಕೆತಾತಿ ಮುಖ್ಯ. ಎಲ್ಲಕ್ಕೂ ಹಿರಿದು ಚಿನ್ನದ ನಾಣ್ಯದ ಮೇಲೆ ನಾಗರಹೆಡೆಯುಳ್ಳ ಪತ್ತಾಕ್. ಅದನ್ನು ಮಗಳ ಕೊರಳಿಗೆ ತೊಡಿಸುವವಳು ತಾಯಿ; ವರ ತಾಳಿ ಕಟ್ಟುವ ಪದ್ಧತಿ ಇಲ್ಲ.

ಸೀರೆಯ ಈ ಶೈಲಿ ಮದುವೆ, ಹಬ್ಬಗಳ ಆಚೆಗೂ ಬಳಕೆಯಲ್ಲಿದೆ. ಕುಪ್ಯಕ್ಕೆ ಆ ಬಾಳ್ವೆ ದಕ್ಕಲಿಲ್ಲ.