ರಾತ್ರೋರಾತ್ರಿ ಬದಲಾಗುವ ಪೆಟ್ಟಿಗೆ: ಮನೆಯ ವೈಫೈ ಮತ್ತು ಫರ್ಮ್‌ವೇರ್‌ನ ಚರಿತ್ರೆ

"ನಿನ್ನೆಯವರೆಗೆ ಸರಿಯಾಗಿಯೇ ಇತ್ತು. ರಾತ್ರಿ ಏನೋ ಅಪ್‌ಡೇಟ್ ಆಯಿತಂತೆ. ಈಗ ಮಾಳಿಗೆಯ ಕೋಣೆಯಲ್ಲಿ ವೈಫೈ ಗುರುತು ಪೂರ್ತಿ ಕಾಣುತ್ತದೆ, ಇಂಟರ್‌ನೆಟ್ ಮಾತ್ರ ಬರುವುದಿಲ್ಲ." ಹೆತ್ತವರಿಂದ ಇಂತಹ ದೂರುಗಳನ್ನು ನಾವು ಈಚೆಗೆ ಆಗಾಗ ಕೇಳುತ್ತಿದ್ದೇವೆ. ಗಡಿನಾಡಿನ ನಮ್ಮ ಶಾಲೆಗಳಿಗೆ ಇದು ಸಣ್ಣ ವಿಷಯವಲ್ಲ. 2020ರ ಜೂನ್ 1ರಂದು ಕೇರಳದಲ್ಲಿ 'ಫಸ್ಟ್ ಬೆಲ್' ಪಾಠಗಳು ಆರಂಭವಾದಾಗ, ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠ ತಲಪಬೇಕಾದದ್ದು ಹೆಚ್ಚಾಗಿ ಇಂಟರ್‌ನೆಟ್ಟಿನ ಮೂಲಕ. ಅಂದಿನಿಂದ ಮನೆಯ ರೂಟರ್ ಎಂಬ ಪೆಟ್ಟಿಗೆ ಪಠ್ಯಪುಸ್ತಕದಷ್ಟೇ ಮುಖ್ಯವಾಗಿದೆ.

ನಾವು ಮುಟ್ಟದೆಯೇ ನಮ್ಮ ಮನೆಯ ಪೆಟ್ಟಿಗೆ ಬದಲಾಗುವುದು ಹೇಗೆ? ಬದಲಾಯಿಸುವವರು ಯಾರು? ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು? ಈ ಪ್ರಶ್ನೆಗಳ ಹಿಂದೆ ಅರ್ಧ ಶತಮಾನದ ಚರಿತ್ರೆಯಿದೆ.

ಗಟ್ಟಿಯೂ ಅಲ್ಲ, ಮೆದುವೂ ಅಲ್ಲ

'ಫರ್ಮ್‌ವೇರ್' ಎಂಬ ಪದವನ್ನು 1967ರಲ್ಲಿ ಆಷರ್ ಓಪ್ಲರ್ ಎಂಬವರು ಒಂದು ಲೇಖನದಲ್ಲಿ ಬಳಕೆಗೆ ತಂದರು. ಹಾರ್ಡ್‌ವೇರ್ ಎಂದರೆ ಕೈಗೆ ಸಿಗುವ ಯಂತ್ರ, ಸಾಫ್ಟ್‌ವೇರ್ ಎಂದರೆ ಬೇಕಾದಾಗ ಬದಲಿಸಬಹುದಾದ ಆದೇಶಗಳು. ಇವೆರಡರ ನಡುವೆ, ಯಂತ್ರದೊಳಗೇ ಕುಳಿತು ಅದಕ್ಕೆ ನಡೆ ಕಲಿಸುವ ಆದೇಶಗಳಿಗೆ ಈ ಹೆಸರು ಬಂತು. ಆ ಕಾಲದಲ್ಲಿ ಅದನ್ನು ಬದಲಿಸುವುದು ಸುಲಭವಿರಲಿಲ್ಲ. ಮುಂದೆ ಬಹಳ ವರ್ಷಗಳ ತನಕ ಚಿಪ್ಪನ್ನೇ ಕಿತ್ತು ಬೇರೆ ಹಾಕಬೇಕಾಗುತ್ತಿತ್ತು. ಆದ್ದರಿಂದ ಕೊಂಡ ವಸ್ತು ಕೊಂಡ ಹಾಗೆಯೇ ಇರುತ್ತಿತ್ತು.

ಇದನ್ನು ಬದಲಿಸಿದ್ದು ಜಪಾನಿನ ತೋಷಿಬಾ ಕಂಪೆನಿಯ ಫುಜಿಯೋ ಮಸುವೋಕಾ. ವಿದ್ಯುತ್ ಹೋದರೂ ಮರೆಯದ, ಆದರೆ ಬೇಕಾದಾಗ ಅಳಿಸಿ ಬರೆಯಬಹುದಾದ 'ಫ್ಲ್ಯಾಶ್ ಮೆಮೊರಿ'ಯನ್ನು ಅವರು 1984ರಲ್ಲಿ ಜಗತ್ತಿನ ಮುಂದಿಟ್ಟರು. ಸ್ಲೇಟಿನಂತೆ ಒರಸಿ ಮತ್ತೆ ಬರೆಯುವ ಈ ಸೌಕರ್ಯದಿಂದಲೇ, ಮಾರಿದ ಮೇಲೂ ವಸ್ತುವನ್ನು ತಿದ್ದುವ ದಾರಿ ತಯಾರಕರಿಗೆ ತೆರೆಯಿತು. ಒರಸಿ ಬರೆಯುವ ನಡುವೆ ಕರೆಂಟು ಹೋದರೆ ಸ್ಲೇಟು ಅರ್ಧ ಖಾಲಿಯಾಗಿಯೇ ಉಳಿಯುತ್ತದೆ! ಅಪ್‌ಡೇಟ್ ಆಗುವಾಗ ಸ್ವಿಚ್ ಆರಿಸಬಾರದು ಎನ್ನುವುದು ಇದಕ್ಕಾಗಿಯೇ. ಈಗಿನ ಅನೇಕ ರೂಟರ್‌ಗಳಲ್ಲಿ ಎರಡು ಪ್ರತಿ ಇಡುವ ಏರ್ಪಾಡಿದೆ. ಹೊಸತು ಕೆಟ್ಟರೆ ಹಳೆಯದರಿಂದ ಪೆಟ್ಟಿಗೆ ಏಳುತ್ತದೆ.

ಗಾಳಿಯಲ್ಲಿ ಕೈದಾಟಿಸುವ ಕೊಡ

ತಂತಿಯಿಲ್ಲದೆ ಕಂಪ್ಯೂಟರುಗಳನ್ನು ಜೋಡಿಸುವ ಕೆಲಸ ದ್ವೀಪಗಳಲ್ಲಿ ಆರಂಭವಾಯಿತು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 'ಅಲೋಹಾನೆಟ್' ಎಂಬ ರೇಡಿಯೋ ಜಾಲವನ್ನು ನಡೆಸಿದರು. ಮಾತಾಡಬೇಕೆನಿಸಿದಾಗ ಮಾತಾಡು, ಇಬ್ಬರ ಮಾತು ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಹೇಳು: ಅದರ ನಿಯಮ ಇಷ್ಟೇ. ಅದೇ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯು, ಒಂದು ರೇಡಿಯೋ ಇನ್ನೊಂದಕ್ಕೆ ಸಂದೇಶವನ್ನು ದಾಟಿಸುತ್ತಾ ಸಾಗುವ ಜಾಲವನ್ನು ಪ್ರಯೋಗಿಸಿತು. ಬಾವಿಯಿಂದ ಅಂಗಳದವರೆಗೆ ಸಾಲಾಗಿ ನಿಂತು ಕೊಡಪಾನ ಕೈದಾಟಿಸಿದ ಹಾಗೆ. ಇಂದಿನ 'ಮೆಶ್' ವೈಫೈಯ ಅಜ್ಜ ಅದೇ.

1985ರಲ್ಲಿ ಅಮೆರಿಕ ಕೆಲವು ತರಂಗಪಟ್ಟಿಗಳನ್ನು ಲೈಸನ್ಸ್ ಇಲ್ಲದ ಸಂಪರ್ಕಕ್ಕೆ ಬಿಟ್ಟುಕೊಟ್ಟಿತು. 1997ರಲ್ಲಿ 802.11 ಎಂಬ ಮಾನದಂಡ ಬಂತು, 1999ರಲ್ಲಿ 'ವೈಫೈ' ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಹೊರಾಂಗಣದಲ್ಲೂ ಲೈಸನ್ಸ್ ಇಲ್ಲದೆ ಬಳಸಲು ಅನುಮತಿ ಸಿಕ್ಕಿದ್ದು 2005ರ ಜನವರಿಯಲ್ಲಿ.

ನಮ್ಮೂರಿನ ಮನೆಗಳಲ್ಲಿ ಮೆಶ್ ಬೇಕಾಗುವುದು ಯಾಕೆಂದು ಹೇಳಬೇಕಾಗಿಲ್ಲ. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಕಾಂಕ್ರೀಟಿನ ತಾರಸಿ. 5 ಗಿಗಾಹರ್ಟ್ಸ್ ಅಲೆ ವೇಗವಾಗಿ ಮಾಹಿತಿ ಒಯ್ಯುತ್ತದೆ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. ಹಾಗಾಗಿ ಚಾವಡಿಯಲ್ಲೊಂದು, ಮಾಳಿಗೆಯಲ್ಲೊಂದು ಪೆಟ್ಟಿಗೆ ಇಡುತ್ತೇವೆ. ಎರಡನೆಯದಕ್ಕೆ ಇಂಟರ್‌ನೆಟ್ ತಂತಿಯಿಲ್ಲ, ಮೊದಲನೆಯದು ದಾಟಿಸಿದ್ದೇ ಅದಕ್ಕೆ ಗತಿ. ಮಾಳಿಗೆಯಲ್ಲಿ ಗುರುತು ಪೂರ್ತಿ ಕಂಡರೂ ಇಂಟರ್‌ನೆಟ್ ಬಾರದಿರುವ ಗುಟ್ಟು ಇಲ್ಲಿದೆ. ಫೋನಿಗೆ ಕಾಣುವುದು ಹತ್ತಿರದ ಪೆಟ್ಟಿಗೆಯ ಬಲ ಮಾತ್ರ. ಆ ಪೆಟ್ಟಿಗೆಗೂ ಚಾವಡಿಯ ಪೆಟ್ಟಿಗೆಗೂ ಇರುವ ನಂಟು ಕಡಿದದ್ದು ಅದಕ್ಕೆ ಕಾಣುವುದಿಲ್ಲ.

ಜನರ ಕೈಗೆ ಬಂದ ಕಾಲ

2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪೆನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ ರೂಟರ್ ಪೇಟೆಗೆ ಬಂತು. ಅದರ ಫರ್ಮ್‌ವೇರ್ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆಯೆಂದು 2003ರಲ್ಲಿ ಆಸಕ್ತರು ಪತ್ತೆಹಚ್ಚಿದರು. ಲಿನಕ್ಸ್‌ನ ಲೈಸನ್ಸಿನ ಪ್ರಕಾರ ಮೂಲ ಸಂಕೇತವನ್ನು ಬಹಿರಂಗಗೊಳಿಸಬೇಕು. ಒತ್ತಾಯ ಬಂದ ಮೇಲೆ ಕಂಪೆನಿ ಬಿಡುಗಡೆ ಮಾಡಿತು. ಅದರಿಂದ 2004ರಲ್ಲಿ 'ಓಪನ್‌ಡಬ್ಲ್ಯುಆರ್‌ಟಿ' ಎಂಬ ಸಮುದಾಯದ ಫರ್ಮ್‌ವೇರ್ ಹುಟ್ಟಿತು.

ಇದರ ಫಲ ನಮ್ಮ ದೇಶಕ್ಕೂ ದೊರೆಯಿತು. 2005ರ ಫೆಬ್ರವರಿಯಲ್ಲಿ, ಲೈಸನ್ಸ್ ತೆಗೆದ ಮರುತಿಂಗಳೇ, ಹಿಮಾಚಲದ ಧರ್ಮಶಾಲೆಯ ಬೆಟ್ಟಗಳಲ್ಲಿ ಒಂದು ಸಮುದಾಯ ಮೆಶ್ ಜಾಲ ಎದ್ದು ನಿಂತಿತು. ಇಂತಹ ಅಗ್ಗದ ರೂಟರ್‌ಗಳಿಗೆ ಬೇರೆ ಫರ್ಮ್‌ವೇರ್ ತುಂಬಿ, ಶಾಲೆ ಮತ್ತು ಸಂಸ್ಥೆಗಳನ್ನು ಜೋಡಿಸಿದರು. 2007ರಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾಟ್ ಎಂಬ ಹಳ್ಳಿಯ ಮರಾಠಿ ಶಾಲೆಯ ಮಕ್ಕಳಿಗೆ ಒಂದರೊಡನೊಂದು ಮೆಶ್ ಮಾಡಬಲ್ಲ ಪುಟ್ಟ ಹಸಿರು ಲ್ಯಾಪ್‌ಟಾಪುಗಳು ಸಿಕ್ಕಿದವು. 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯ ಭಾರತದ ಮೊದಲ ಪ್ರಯೋಗವದು. ಆದರೆ ಇಂತಹ ಯಂತ್ರಗಳು ಒಂದೇ ಕೋಣೆಯಲ್ಲಿ ಹೆಚ್ಚಾದಾಗ ಪಾಠಕ್ಕಿಂತ ತಮ್ಮೊಳಗಿನ ಮಾತೇ ಹೆಚ್ಚಾಗಿ ಜಾಲ ಕಟ್ಟಿಕೊಳ್ಳುತ್ತಿತ್ತು. ಗದ್ದಲದ ತರಗತಿಯ ಅನುಭವವಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ!

ಕೀಲಿಕೈ ದೂರಕ್ಕೆ ಹೋದದ್ದು

ಈ ನಡುವೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. 2004ರಲ್ಲಿ ಟಿಆರ್-069 ಎಂಬ ನಿಯಮಾವಳಿ ಬಂತು. ಇಂಟರ್‌ನೆಟ್ ಕೊಡುವ ಕಂಪೆನಿ ತನ್ನ ಕಚೇರಿಯಿಂದಲೇ ಮನೆಯ ಮೋಡೆಮ್ಮನ್ನು ತಿದ್ದಲು ಇದು ದಾರಿ. ಲಕ್ಷಾಂತರ ಮನೆಗಳಿಗೆ ಜನ ಕಳುಹಿಸುವುದು ಸಾಧ್ಯವಿಲ್ಲವಲ್ಲ!

ಆದರೆ ಅನುಕೂಲವೇ ಅಧಿಕಾರವಾದಾಗ ಏನಾಗುತ್ತದೆಂದು 2012ರ ಜೂನ್ ಕೊನೆಯಲ್ಲಿ ತಿಳಿಯಿತು. ಆಗ ಲಿಂಕ್‌ಸಿಸ್ ಸಿಸ್ಕೋ ಕಂಪೆನಿಯ ಕೈಯಲ್ಲಿತ್ತು. ಅದರ ಕೆಲವು ರೂಟರ್‌ಗಳು ತಾವಾಗಿಯೇ ಅಪ್‌ಡೇಟ್ ಆದವು. ಮರುದಿನ ತಮ್ಮದೇ ರೂಟರಿನ ಸೆಟ್ಟಿಂಗ್ ನೋಡಹೊರಟವರಿಗೆ, ಮೊದಲು ಕಂಪೆನಿಯ ಕ್ಲೌಡ್ ಖಾತೆ ತೆರೆಯಿರಿ ಎಂಬ ಸೂಚನೆ ಎದುರಾಯಿತು. ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆಗೆ ಹೊಸ ಯಜಮಾನ! ಗಲಾಟೆ ಎದ್ದ ಮೇಲೆ ಕಂಪೆನಿ ಷರತ್ತು ತಿದ್ದಿ, ಹಳೆಯ ಫರ್ಮ್‌ವೇರಿಗೆ ಮರಳುವ ದಾರಿ ಕೊಟ್ಟಿತು.

2016ರಲ್ಲಿ ಈರೋ ಮತ್ತು ಗೂಗಲ್ ವೈಫೈ ಎಂಬ ಮನೆ ಮೆಶ್‌ಗಳು ಪೇಟೆಗೆ ಬಂದವು. ಫೋನಿನ ಆ್ಯಪಿನಿಂದಲೇ ನಡೆಯುವ, ತಾವಾಗಿಯೇ ಅಪ್‌ಡೇಟ್ ಆಗುವ ಈ ಪದ್ಧತಿ ಬೇಗ ಸಾಮಾನ್ಯವಾಯಿತು. 2017ರ ಫೆಬ್ರವರಿ ಕೊನೆಯಲ್ಲಿ ಗೂಗಲ್‌ನ ಖಾತೆ ವ್ಯವಸ್ಥೆಯಲ್ಲಿ ಉಂಟಾದ ಒಂದು ತೊಂದರೆಯಿಂದ ಅನೇಕರ ಗೂಗಲ್ ವೈಫೈ ಪೆಟ್ಟಿಗೆಗಳು ಅಂಗಡಿಯಿಂದ ತಂದಾಗಿನ ಸ್ಥಿತಿಗೆ ಮರಳಿದವು. ಹೆಸರು, ಪಾಸ್‌ವರ್ಡ್ ಎಲ್ಲ ಮಾಯ. ಫರ್ಮ್‌ವೇರ್ ಕೆಟ್ಟಿರಲಿಲ್ಲ, ಮನೆಯಲ್ಲಿ ಯಾರೂ ಏನೂ ಮಾಡಿರಲಿಲ್ಲ.

2018ರ ಜನವರಿಯ ಘಟನೆ ಇನ್ನೂ ವಿಚಿತ್ರ. ಹಲವು ಕಂಪೆನಿಗಳ ರೂಟರ್‌ಗಳು ಇದ್ದಕ್ಕಿದ್ದಂತೆ ಸ್ತಬ್ಧವಾಗತೊಡಗಿದವು. ಎಲ್ಲರೂ ರೂಟರನ್ನೇ ಬೈದರು. ಹುಡುಕಿದಾಗ ಸಿಕ್ಕಿದ ಕಾರಣವೇ ಬೇರೆ. ಗೂಗಲ್‌ನ 'ಕಾಸ್ಟ್' ಸೌಲಭ್ಯವುಳ್ಳ ಸಾಧನಗಳು ನಿದ್ದೆಯಿಂದ ಎದ್ದಾಗ, ಮಲಗಿದ್ದಷ್ಟು ಹೊತ್ತಿನ ಬಾಕಿ ಸಂದೇಶಗಳನ್ನೆಲ್ಲ ಒಮ್ಮೆಲೇ ಸುರಿಯುತ್ತಿದ್ದವು. ಕೆಲವೊಮ್ಮೆ ಅವುಗಳ ಸಂಖ್ಯೆ 1 ಲಕ್ಷ ಮೀರುತ್ತಿತ್ತು. ರೂಟರ್ ಕೆಟ್ಟಿತೆಂದು ಕಂಡಾಗಲೂ ಕೆಟ್ಟದ್ದು ಬೇರೆಯದಾಗಿರಬಹುದು ಎಂಬ ಪಾಠ ಇಲ್ಲಿದೆ.

ಹಾಗಾದರೆ ಅಪ್‌ಡೇಟ್ ಬೇಡವೇ?

ಬೇಕು. ಯಾಕೆಂಬುದಕ್ಕೂ ಚರಿತ್ರೆಯೇ ಸಾಕ್ಷಿ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕಡಿದುಹೋಯಿತು. 'ಮಿರಾಯ್' ಎಂಬ ದುಷ್ಟ ತಂತ್ರಾಂಶದ ಒಂದು ರೂಪ ಬಂದು ತಟ್ಟಿದ್ದು ಯಾವ ಬಾಗಿಲನ್ನು? ದೂರದಿಂದ ತಿದ್ದುವುದಕ್ಕೆಂದು ತೆರೆದಿಟ್ಟಿದ್ದ ಅದೇ ಬಾಗಿಲನ್ನು! ಪರಿಹಾರವಾಗಿ ಬಂದದ್ದೂ ಹೊಸ ಫರ್ಮ್‌ವೇರ್. ರೂಟರನ್ನು ಒಮ್ಮೆ ಆರಿಸಿ ಹಾಕಿರಿ, ಅದು ಇಳಿಯುತ್ತದೆ ಎಂದು ಗ್ರಾಹಕರಿಗೆ ತಿಳಿಸಲಾಯಿತು.

2017ರ ಜುಲೈಯಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೂ ಇಂತಹ ದಾಳಿ ತಟ್ಟಿತು. 'ಅಡ್ಮಿನ್' ಎಂಬ ಹುಟ್ಟಿನ ಪಾಸ್‌ವರ್ಡನ್ನು ಬದಲಿಸದೆ ಇದ್ದ ಮೋಡೆಮ್‌ಗಳೇ ಬಲಿಯಾದವು. 2018ರ ಮೇ ತಿಂಗಳಲ್ಲಿ 'ವಿಪಿಎನ್‌ಫಿಲ್ಟರ್' ಎಂಬುದು ಜಗತ್ತಿನ ಸುಮಾರು 5 ಲಕ್ಷ ರೂಟರ್ ಮತ್ತಿತರ ಸಾಧನಗಳಿಗೆ ಹೊಕ್ಕಿತ್ತು. ತೇಪೆ ಹಾಕದ ಕೊಡೆ ಮಳೆಗಾಲದಲ್ಲಿ ಏನಾಗುತ್ತದೋ, ಅಪ್‌ಡೇಟ್ ಇಲ್ಲದ ರೂಟರ್ ಅದೇ ಆಗುತ್ತದೆ.

ಆದ್ದರಿಂದ ನಾವು ಕೇಳಬೇಕಾದದ್ದು ಅಪ್‌ಡೇಟ್ ಬೇಕೋ ಬೇಡವೋ ಎಂದಲ್ಲ. ಹೇಳಿ ಮಾಡುತ್ತಾರೋ, ಕೆಟ್ಟರೆ ಹಿಂದಕ್ಕೆ ಮರಳಲು ಬಿಡುತ್ತಾರೋ, ಎಷ್ಟು ವರ್ಷ ಕೊಡುತ್ತಾರೋ ಎಂದು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನು, ಎಲ್ಲ ಪೆಟ್ಟಿಗೆಗೂ ಒಂದೇ ಸುಲಭದ ಪಾಸ್‌ವರ್ಡ್ ಇಡುವುದನ್ನು ನಿಷೇಧಿಸಿದೆ. ಸುರಕ್ಷಾ ಅಪ್‌ಡೇಟ್ ಎಷ್ಟು ಕಾಲ ಸಿಗುತ್ತದೆಂದು ಮಾರುವಾಗಲೇ ತಿಳಿಸಬೇಕೆಂದೂ ಅದು ಹೇಳುತ್ತದೆ. ರೂಟರ್ ಕೊಳ್ಳುವಾಗ ನಾವೂ ಅಂಗಡಿಯಲ್ಲಿ ಇದನ್ನೇ ಕೇಳಬಹುದು.

ನಮ್ಮ ಮನೆಗಳಿಗೆ ನಾಲ್ಕು ಮಾತು

ಅಪ್‌ಡೇಟ್ ಆದ ಮೇಲೆ ಮೆಶ್ ಕೈಕೊಟ್ಟರೆ ಗಾಬರಿ ಬೇಡ. ಐದು ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ರೂಟರ್ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕೇಳಿಯೇ ಮಾತಾಡಬೇಕು. ಹಾಗಾಗಿ ಹತ್ತು ನಿಮಿಷ ಕಾಯುವುದರಲ್ಲಿ ನಷ್ಟವಿಲ್ಲ. ಆಮೇಲೂ ಸರಿಯಾಗದಿದ್ದರೆ ಎಲ್ಲ ಪೆಟ್ಟಿಗೆಗಳನ್ನೂ ಆರಿಸಿ, ಮೊದಲು ಮೋಡೆಮ್, ಮತ್ತೆ ಚಾವಡಿಯ ಮುಖ್ಯ ಪೆಟ್ಟಿಗೆ, ಕೊನೆಗೆ ಮಾಳಿಗೆಯದು ಎಂಬ ಕ್ರಮದಲ್ಲಿ ಹಾಕಬೇಕು.

ಎರಡನೆಯದಾಗಿ, ಆ್ಯಪಿನಲ್ಲಿ ಎಲ್ಲ ಪೆಟ್ಟಿಗೆಗಳ ಫರ್ಮ್‌ವೇರ್ ಸಂಖ್ಯೆಯನ್ನು ನೋಡಬೇಕು. ಒಂದು ಹೊಸತಾಗಿ ಇನ್ನೊಂದು ಹಳೆಯದಾಗಿ ಉಳಿದಿದ್ದರೆ ಅವುಗಳ ನಡುವೆ ಮಾತು ಕೂಡದಿರಬಹುದು. ಹಿಂದುಳಿದದ್ದನ್ನು ಮುಖ್ಯ ಪೆಟ್ಟಿಗೆಯ ಹತ್ತಿರ ತಂದಿಟ್ಟು ಅಪ್‌ಡೇಟ್ ಮಾಡಬೇಕು.

ಮೂರನೆಯದಾಗಿ, ಹಳೆಯ ಫೋನು ಮಾತ್ರ ಸೇರದಿದ್ದರೆ ಡಬ್ಲ್ಯುಪಿಎ3 ಎಂಬ ಹೊಸ ಭದ್ರತೆ ಜಾರಿಯಾಗಿದೆಯೇ ನೋಡಬೇಕು. ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಆಯ್ಕೆ, ಅದೂ ಆಗದಿದ್ದರೆ ಡಬ್ಲ್ಯುಪಿಎ2 ಸಾಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ರೀಸೆಟ್ ಗುಂಡಿಯನ್ನು ಒತ್ತುವ ಮೊದಲು, ಜಾಲದ ಹೆಸರು, ಪಾಸ್‌ವರ್ಡ್, ಇಂಟರ್‌ನೆಟ್ ಕೊಟ್ಟವರ ಬಳಕೆದಾರ ಹೆಸರು, ಸೇವಾ ಕೇಂದ್ರದ ನಂಬರ್ ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಪೆಟ್ಟಿಗೆಯೊಡನೆ ಬರುವ ಸೂಚನೆ ಇಂಗ್ಲಿಷಿನಲ್ಲಿರುತ್ತದೆ, ಸೇವಾ ಕೇಂದ್ರದವರು ಹೆಚ್ಚಾಗಿ ಮಲಯಾಳದಲ್ಲಿ ಮಾತಾಡುತ್ತಾರೆ. ಮನೆಯಲ್ಲಿ ಅಜ್ಜಿಯೂ ಓದಬಲ್ಲ ಕನ್ನಡದ ಪುಟವೊಂದು ಇದ್ದರೆ, ಅಪ್ಪ ಅಮ್ಮ ಕೆಲಸಕ್ಕೆ ಹೋದ ಹೊತ್ತಿನಲ್ಲೂ ಮಗುವಿನ ಪಾಠ ನಿಲ್ಲುವುದಿಲ್ಲ. ಆ ಪುಟವನ್ನು ಮಕ್ಕಳಿಂದಲೇ ಬರೆಯಿಸುವ ಚಟುವಟಿಕೆಯನ್ನು ಐಟಿ ತರಗತಿಯಲ್ಲಿ ಮಾಡಿಸಬಹುದೆಂದು ಸಹೋದ್ಯೋಗಿ ಅಧ್ಯಾಪಕರಲ್ಲಿ ನಮ್ಮ ಸೂಚನೆ. ಫರ್ಮ್‌ವೇರ್, ಚಾನೆಲ್, ಪಾಸ್‌ವರ್ಡ್ ಎಂಬ ಪದಗಳ ಅರ್ಥವನ್ನು ಅವರು ತಮ್ಮ ಮಾತಿನಲ್ಲಿ ಬರೆಯಲಿ.